ಬಾಸ್ಟನ್ ಪಟ್ಟಣವೂ ಮೈ ತಿದ್ದುವ ವಿದ್ಯೆಯೂ

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಕರಾವಳಿಯಲ್ಲಿರುವ ಬಾಸ್ಟನ್ ಪಟ್ಟಣವು 1630ರಲ್ಲಿ ಸ್ಥಾಪಿತವಾದುದು. ಆಗ ಅದು ನೀರಿನೊಳಕ್ಕೆ ಚಾಚಿಕೊಂಡಿದ್ದ ಚಿಕ್ಕದೊಂದು ಭೂಭಾಗ. ಅದರ ಮೇಲೆ ಒತ್ತಾಗಿ ನಿಂತ ಮೂರು ಶಿಖರಗಳು. ಜನ ಹೆಚ್ಚಿದಂತೆ ಸ್ಥಳ ಸಾಲದಾಯಿತು. ಹತ್ತೊಂಬತ್ತನೆಯ ಶತಮಾನದ ನಿವಾಸಿಗಳು ಶಿಖರಗಳನ್ನು ಕಡಿದು ಆ ಮಣ್ಣಿನಿಂದ ಕೆರೆಯನ್ನು ತುಂಬಿದರು. ಈಗ ಉಳಿದಿರುವ ಬೀಕನ್ ಗುಡ್ಡವು ಮೊದಲಿಗಿಂತ ಸುಮಾರು 60 ಅಡಿ ತಗ್ಗಾಗಿದೆ. ಅದೂ ಸಾಲದೆ, 1850ರ ದಶಕದ ಕೊನೆಯಿಂದ ನೀಡಂ ಎಂಬ ಊರಿನ ಜಲ್ಲಿಮಣ್ಣನ್ನು ರೈಲುಗಳಲ್ಲಿ ತಂದು ಸುರಿದು, ನದೀಮುಖದ ಜೌಗನ್ನು ಬ್ಯಾಕ್ ಬೇ ಎಂಬ ಸುಂದರವಾದ ಬಡಾವಣೆಯನ್ನಾಗಿ ಮಾಡಿದರು. ಹೀಗೆ ಒಂದೆಡೆ ತೆಗೆದು ಇನ್ನೊಂದೆಡೆ ತುಂಬಿ ತನ್ನ ಮೈಯನ್ನು ತಾನೇ ತಿದ್ದಿಕೊಂಡ ಊರಿನಲ್ಲಿ, ಮನುಷ್ಯನ ಮೈಯನ್ನು ಕತ್ತಿಯ ಸೋಂಕಿಲ್ಲದೆ ತಿದ್ದುವ ವಿದ್ಯೆಯೊಂದು ಹುಟ್ಟಿತೆಂದರೆ ಅದನ್ನು ಕಂಡು ಬಾರದಿರಲು ಮನಸ್ಸಾದೀತೆ?

ಶರತ್ಕಾಲದ ಒಂದು ಬೆಳಗ್ಗೆ ನಾವು ಹೊರಟೆವು. ನಮ್ಮ ಆತಿಥೇಯರ ಪತ್ನಿಯೂ ಜೊತೆಗಿದ್ದರು. ಅವರು ಧಾರವಾಡದ ಕಡೆಯವರು. ಎರಡನೆಯ ಬಾಣಂತನ ಮುಗಿದು ವರ್ಷವಾದರೂ ಹೊಟ್ಟೆ ಇಳಿಯಲಿಲ್ಲವೆಂಬ ಕೊರಗು ಅವರಿಗೆ. ಮಕ್ಕಳೊಡನೆ ತವರಿಗೆ ಹೋಗಿಬರಲೆಂದು ಕೂಡಿಟ್ಟಿದ್ದ ಹಣವನ್ನು ಈ ಚಿಕಿತ್ಸೆಗೆ ಹಾಕಬೇಕೋ ಬೇಡವೋ ಎಂಬುದು ಅಂದು ತೀರ್ಮಾನವಾಗಬೇಕಾಗಿತ್ತು.

ಚಾರ್ಲ್ಸ್ ನದಿಯ ಸೇತುವೆಯನ್ನು ದಾಟಿದ ರೈಲು, ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಹೆಸರನ್ನೇ ಹೊತ್ತ ನಿಲ್ದಾಣದಲ್ಲಿ ನಮ್ಮನ್ನು ಇಳಿಸಿತು. ಈ ಆಸ್ಪತ್ರೆಯು 1811ರಲ್ಲಿ ಸ್ಥಾಪಿತವಾದುದು. ಗಾಜಿನ ಎತ್ತರದ ಕಟ್ಟಡಗಳ ನಡುವೆ ಬುಲ್‌ಫಿಂಚ್ ಎಂಬ ಶಿಲ್ಪಿಯು ಯೋಜಿಸಿದ ಹಳೆಯ ಕಲ್ಲುಕಟ್ಟಡವು ಗಂಭೀರವಾಗಿ ನಿಂತಿದೆ. ಅದರ ನೆತ್ತಿಯ ಮೇಲಿನ ಗುಮ್ಮಟದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಆಸನಗಳುಳ್ಳ ಒಂದು ಶಸ್ತ್ರಕ್ರಿಯಾಶಾಲೆ. 1846ನೆಯ ಅಕ್ಟೋಬರ್ 16ರಂದು ಮಾರ್ಟನ್ ಎಂಬ ದಂತವೈದ್ಯರು ರೋಗಿಯೊಬ್ಬನಿಗೆ ಈಥರ್ ಆವಿಯನ್ನು ಕೊಟ್ಟು ಮೈಮರೆಸಿದುದೂ, ವಾರನ್ ಎಂಬ ಶಸ್ತ್ರವೈದ್ಯರು ಅವನ ಕುತ್ತಿಗೆಯ ಗಡ್ಡೆಯ ಮೇಲೆ ನೋವಿಲ್ಲದಂತೆ ಕತ್ತಿಯಾಡಿಸಿದುದೂ ಇಲ್ಲಿಯೇ. ಕತ್ತಿಯ ನೋವನ್ನು ನೀಗಿಸಿದ ಈ ಆಸ್ಪತ್ರೆಯವರೇ ನೂರ ಅರುವತ್ತು ವರ್ಷಗಳ ತರುವಾಯ ಕೊಬ್ಬನ್ನು ಕರಗಿಸಲು ಕತ್ತಿಯೇ ಬೇಡವೆಂಬ ಮಾರ್ಗವೊಂದನ್ನು ತೋರಿಸಿದರು.

ಅದರ ಮೂಲವು ಮಕ್ಕಳ ಐಸ್ ಕಡ್ಡಿಯಲ್ಲಿದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಐಸ್ ಕಡ್ಡಿ ಚೀಪಿದ ಎಳೆಯ ಮಕ್ಕಳ ಕೆನ್ನೆಯೊಳಗಿನ ಕೊಬ್ಬು ಉರಿಗೊಂಡು ಗಟ್ಟಿಯಾಗುವುದನ್ನು ವೈದ್ಯರು 1970ರಲ್ಲಿ ವರದಿ ಮಾಡಿದ್ದರು. ಚಳಿಯಲ್ಲಿ ಕುದುರೆ ಸವಾರಿ ಮಾಡುವ ಹೆಂಗಸರ ತೊಡೆಗಳಲ್ಲಿಯೂ ಇಂತಹುದೇ ಕಂಡುಬಂದಿತ್ತು. ಮೇಲಿನ ಚರ್ಮಕ್ಕೆ ಹಾನಿ ತಟ್ಟದ ಶೈತ್ಯವು ಅದರ ಕೆಳಗಿನ ಕೊಬ್ಬಿಗೆ ತಟ್ಟುವುದೆಂಬ ಈ ಸುಳಿವನ್ನು ಹಿಡಿದು, ಇಲ್ಲಿಯ ಮ್ಯಾನ್‌ಸ್ಟೈನ್, ಆಂಡರ್ಸನ್ ಮುಂತಾದವರು ಹಂದಿಗಳ ಮೇಲೆ ಪ್ರಯೋಗ ನಡೆಸಿ 2008ರಲ್ಲಿ ಫಲವನ್ನು ಪ್ರಕಟಿಸಿದರು. ತಂಪಿಗೆ ಸಿಕ್ಕಿದ ಕೊಬ್ಬಿನ ಜೀವಕೋಶಗಳು ತಾವಾಗಿ ಸಾಯುವುವು. ಎರಡು ಮೂರು ತಿಂಗಳಲ್ಲಿ ದೇಹವೇ ಅವನ್ನು ಮೆಲ್ಲನೆ ಹೊರಸಾಗಿಸುವುದು. ಸೊಂಟದ ಪಕ್ಕದ ಕೊಬ್ಬಿಗೆ ಇದನ್ನು ಬಳಸಲು ಅಮೆರಿಕದ ಸರಕಾರದ ಅನುಮತಿ ದೊರೆತುದು 2010ರಲ್ಲಿ, ಹೊಟ್ಟೆಗೆ 2012ರಲ್ಲಿ.

ಆಸ್ಪತ್ರೆಯಿಂದ ಚಾರ್ಲ್ಸ್ ಬೀದಿಯ ಹಳೆಯ ಇಟ್ಟಿಗೆಯ ಮನೆಗಳ ಸಾಲನ್ನು ಹಿಡಿದು ನಡೆದರೆ ಸಾರ್ವಜನಿಕ ಉದ್ಯಾನವು ಸಿಕ್ಕುತ್ತದೆ. ಅದರ ಆಚೆಯ ಅಂಚಿನಿಂದ ನ್ಯೂಬರಿ ಬೀದಿಯು ಆರಂಭವಾಗುವುದು. ಇದು ಆ ತುಂಬಿದ ಮಣ್ಣಿನ ಮೇಲಿನ ಬಡಾವಣೆ. ಹಿಂದೆ ಶ್ರೀಮಂತರು ವಾಸಿಸುತ್ತಿದ್ದ ಮನೆಗಳಲ್ಲಿ ಇಂದು ಉಡುಪಿನ ಅಂಗಡಿಗಳು, ಚಿತ್ರಶಾಲೆಗಳು, ಸೌಂದರ್ಯ ಚಿಕಿತ್ಸೆಯ ಗೃಹಗಳು. ಅಂತಹುದೊಂದನ್ನು ನಾವು ಹೊಕ್ಕೆವು. ಅಲ್ಲಿಯ ವೈದ್ಯೆಯು ಮಾರುವ ಆತುರವಿಲ್ಲದೆ ಒಂದೊಂದು ಯಂತ್ರವನ್ನೂ ತೋರಿಸಿದರು.

ಮೊದಲನೆಯದು ಶೈತ್ಯದ ಯಂತ್ರ. ಅದರ ಬಟ್ಟಲು ಮಡಿಕೆಯ ಕೊಬ್ಬನ್ನು ಹೀರಿ ಹಿಡಿದು ಮುಕ್ಕಾಲು ಗಂಟೆಯಷ್ಟು ಕಾಲ ತಣ್ಣಗಿಡುವುದು. ಆ ಸ್ಥಳದ ಕೊಬ್ಬಿನ ಪದರವು ಸುಮಾರು ಐದನೆಯ ಒಂದು ಪಾಲು ತೆಳ್ಳಗಾಗುವುದು. ಕೆಲವು ದಿನ ಮರಗಟ್ಟುವಿಕೆ, ಕಂದು ಇರುವುವು. ಎರಡನೆಯದು ಲೇಸರ್ ಕಿರಣ. 2015ರಲ್ಲಿ ಅನುಮತಿ ಪಡೆದ ಇದು ಕೊಬ್ಬನ್ನು 42ರಿಂದ 47 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, 25 ನಿಮಿಷದಲ್ಲಿ ಕೆಲಸ ಮುಗಿಸುವುದು. ಹಿಡಿಗೆ ಸಿಕ್ಕದ ಚಪ್ಪಟೆ ಸ್ಥಳಕ್ಕೂ ಒದಗುವುದು. ರೇಡಿಯೋ ತರಂಗಗಳ ಯಂತ್ರಗಳೂ ಶಬ್ದಾತೀತ ತರಂಗದ ಕೆಲವು ಯಂತ್ರಗಳೂ ಇದೇ ರೀತಿ ಶಾಖದಿಂದ ದುಡಿಯುವುವು. ಇವೆಲ್ಲವೂ ಕೊಬ್ಬಿಗೆ ಸಂಬಂಧಿಸಿದವು.

ಬೇರೆಯಾದುದು ಸ್ನಾಯುವಿನ ಯಂತ್ರ. 2018ರಲ್ಲಿ ಹೊಟ್ಟೆಯ ಸ್ನಾಯುಗಳಿಗೆ ಅನುಮತಿ ಪಡೆದ ಇದು ಬಲವಾದ ಅಯಸ್ಕಾಂತದ ತರಂಗಗಳಿಂದ ಸ್ನಾಯುಗಳನ್ನು ಅರ್ಧ ಗಂಟೆಯಲ್ಲಿ ಸುಮಾರು 20,000 ಸಲ ಬಿಗಿಯಿಸುವುದು. ಎರಡು ವಾರಗಳಲ್ಲಿ ನಾಲ್ಕು ಸರದಿ. ಸ್ನಾಯು ಶೇಕಡ 15ರಷ್ಟು ದಪ್ಪವಾಯಿತೆಂದು ಹೇಳುವ ವರದಿಗಳಿವೆ. ಆದರೆ ಅವು ಕೆಲವೇ ಮಂದಿಯನ್ನು ಪರೀಕ್ಷಿಸಿ ಬರೆದವು. ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರೂ ಮೈಯಲ್ಲಿ ಲೋಹವುಳ್ಳವರೂ ಇದರ ಹತ್ತಿರ ಸುಳಿಯಕೂಡದು. ಬಿಟ್ಟರೆ ಬಂದ ಬಿಗಿ ಮತ್ತೆ ಸಡಿಲವಾಗುವುದು.

ನಮ್ಮ ಸಂಗಡಿಗರು ಎಲ್ಲವನ್ನೂ ಕೇಳಿ, "ತೂಕ ಎಷ್ಟು ಕಡಿಮಿ ಆಗ್ತದಂತ ಕೇಳ್ರಿ" ಎಂದರು.

"ತೂಕ ಇಳಿಯುವುದಿಲ್ಲ. ಇದು ಆಕಾರ ತಿದ್ದುವುದಷ್ಟೆ," ಎಂದು ವೈದ್ಯೆಯು ಹೇಳಿದರು.

"ಇಷ್ಟ್ ರೊಕ್ಕಾ ಕೊಟ್ಟು ತೂಕನೂ ಇಳಿಯೂದಿಲ್ಲಂದ್ರ ಹ್ಯಾಂಗ್ರಿ?" ಎಂದು ಅವರು ನಮ್ಮ ಮುಖವನ್ನು ನೋಡಿದರು.

ವೈದ್ಯೆಯು ಅವರನ್ನು ಮಂಚದ ಮೇಲೆ ಮಲಗಿಸಿ, ತಲೆಯನ್ನು ಮಾತ್ರ ತುಸು ಎತ್ತುವಂತೆ ಹೇಳಿ, ಹೊಕ್ಕುಳ ಬಳಿ ಬೆರಳೂರಿ ನೋಡಿದರು. ನಡುಹೊಟ್ಟೆಯ ಎರಡು ಸ್ನಾಯುಗಳ ನಡುವೆ ಎರಡು ಬೆರಳಿಗೂ ಮೀರಿದ ಅಂತರವಿತ್ತು. ಗರ್ಭದ ಭಾರದಿಂದ ಬಿಟ್ಟುಕೊಂಡ ಸ್ನಾಯುಗಳು ಮತ್ತೆ ಕೂಡಿರಲಿಲ್ಲ. ಹೊಟ್ಟೆ ಮುಂದೆ ಬಂದಂತೆ ಕಾಣುವುದಕ್ಕೆ ಕೊಬ್ಬಿಗಿಂತ ಇದೇ ಮುಖ್ಯ ಕಾರಣವಾಗಿತ್ತು. ಶೈತ್ಯವು ಈ ಅಂತರವನ್ನು ಮುಚ್ಚಲಾರದು. ಅಂಗವ್ಯಾಯಾಮದ ತಜ್ಞರ ಬಳಿ ಕೆಲವು ತಿಂಗಳು ಉಸಿರಿನೊಡನೆ ಹೊಟ್ಟೆಯ ಒಳಸ್ನಾಯುಗಳನ್ನು ಪಳಗಿಸುವುದು ಮೊದಲು ಮಾಡತಕ್ಕ ಕೆಲಸವೆಂದು ಅವರು ತಿಳಿಸಿದರು. ತವರಿನ ಹಣ ತವರಿಗೇ ಉಳಿಯಿತು.

ಅಪಾಯವನ್ನೂ ಅವರು ಮರೆಮಾಚಲಿಲ್ಲ. ಶೈತ್ಯ ಕೊಟ್ಟ ಕೆಲವರಲ್ಲಿ ಕೊಬ್ಬು ಕರಗುವ ಬದಲು ಬಟ್ಟಲಿನ ಆಕಾರದಲ್ಲಿಯೇ ಬೆಳೆದು ಗಟ್ಟಿಯಾಗುವುದುಂಟು. ಅದನ್ನು ತೆಗೆಯಲು ಕೊನೆಗೆ ಶಸ್ತ್ರಕ್ರಿಯೆಯೇ ಬೇಕಾಗುವುದು. ಇದು 20,000ಕ್ಕೆ ಒಂದರಂತೆ ಎಂದು 2014ರಲ್ಲಿ ಎಣಿಸಿದ್ದರು. ಅದಕ್ಕಿಂತ ಹೆಚ್ಚೆಂದು ಅನಂತರದ ವರದಿಗಳು ತೋರಿಸಿದುವು. ಪ್ರಸಿದ್ಧ ರೂಪದರ್ಶಿನಿ ಲಿಂಡಾ ಇವಾಂಜೆಲಿಸ್ತಾ ತಮಗೆ ಹೀಗಾಯಿತೆಂದು 2021ರಲ್ಲಿ ಬಹಿರಂಗಪಡಿಸಿದ ಮೇಲೆ ಲೋಕಕ್ಕೆಲ್ಲ ಈ ಸಂಗತಿಯು ತಿಳಿಯಿತು.

ಅಲ್ಲಿಂದ ಹೊರಟು ನಾವು ನದಿಯ ದಂಡೆಯ ಉದ್ಯಾನದಲ್ಲಿ ಕುಳಿತೆವು. ಉದ್ದನೆಯ ದೋಣಿಗಳಲ್ಲಿ ತರುಣ ತರುಣಿಯರು ಒಂದೇ ತಾಳದಲ್ಲಿ ಹುಟ್ಟು ಹಾಕುತ್ತಿದ್ದರು. 1965ರಿಂದ ಇಲ್ಲಿ ಅಕ್ಟೋಬರ್ ತಿಂಗಳಲ್ಲಿ ಪ್ರಸಿದ್ಧವಾದ ದೋಣಿಪಂದ್ಯವು ನಡೆಯುತ್ತ ಬಂದಿದೆ. ಹುಟ್ಟು ಹಾಕುವವನ ಸ್ನಾಯು ಬಿಗಿಯುವಾಗ ಅವನ ಹೃದಯವೂ ಶ್ವಾಸಕೋಶವೂ ಅದರೊಡನೆ ದುಡಿಯುವುವು. ಮಂಚದ ಮೇಲೆ ಮಲಗಿ ಸ್ನಾಯುವನ್ನು ಬಿಗಿಯಿಸಿಕೊಂಡವನಿಗೆ ಆ ಲಾಭವೆಲ್ಲಿಂದ ಬರಬೇಕು?

ಕೊಬ್ಬಿನ ವಿಷಯದಲ್ಲಿಯೂ ಹೀಗೆಯೇ. ಬೆರಳಿಗೆ ಸಿಕ್ಕುವ ಕೊಬ್ಬು ಒಂದು. ಕರುಳು, ಯಕೃತ್ತುಗಳ ಸುತ್ತ ಒಳಗೆ ಸೇರಿರುವ ಕೊಬ್ಬು ಇನ್ನೊಂದು. ಮಧುಮೇಹ, ಹೃದ್ರೋಗಗಳಿಗೆ ದಾರಿ ಮಾಡುವುದು ವಿಶೇಷವಾಗಿ ಈ ಎರಡನೆಯದು; ಇದನ್ನು ಯಾವ ಯಂತ್ರದ ಬಟ್ಟಲೂ ಮುಟ್ಟದು. ಸೇಂಟ್ ಲೂಯಿಸ್‌ನ ವೈದ್ಯರು 15 ಮಂದಿ ಸ್ಥೂಲಕಾಯದ ಸ್ತ್ರೀಯರ ಮೈಯಿಂದ ತಲಾ ಸುಮಾರು 10 ಕಿಲೋಗ್ರಾಂ ಕೊಬ್ಬನ್ನು ಶಸ್ತ್ರಕ್ರಿಯೆಯಿಂದ ಹೀರಿ ತೆಗೆದರೂ, ಅವರ ರಕ್ತದ ಸಕ್ಕರೆಯಾಗಲಿ ರಕ್ತದ ಒತ್ತಡವಾಗಲಿ ಸುಧಾರಿಸಲಿಲ್ಲವೆಂದು 2004ರಲ್ಲಿ ವರದಿ ಮಾಡಿದರು. ಅದೇ ವರ್ಷ ಪುಣೆಯ ಡಾಕ್ಟರ್ ಯಾಜ್ಞಿಕರೂ ಲಂಡನ್ನಿನ ಡಾಕ್ಟರ್ ಯುಡ್ಕಿನ್ನರೂ ತಮ್ಮಿಬ್ಬರ ಭಾವಚಿತ್ರವನ್ನೇ ಪ್ರಕಟಿಸಿದ್ದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಲ್ಲಿ ಇಬ್ಬರೂ ಸಮ. ಆದರೆ ಮೈಯ ಕೊಬ್ಬು ಆಂಗ್ಲರಲ್ಲಿ ಶೇಕಡ 9, ನಮ್ಮವರಲ್ಲಿ ಶೇಕಡ 21! ತೆಳ್ಳಗೆ ಕಾಣುವ ಭಾರತೀಯನೂ ಒಳಗೆ ಕೊಬ್ಬನ್ನು ಹೊತ್ತಿರಬಹುದೆಂಬುದಕ್ಕೆ ಬೇರೆ ಸಾಕ್ಷಿಯೇಕೆ?

ಈ ಯಂತ್ರಗಳು ಈಗ ಬೆಂಗಳೂರಿಗೂ ಬಂದಿವೆ. ಅವು ಸುಳ್ಳಲ್ಲ, ತೂಕವು ಹದದಲ್ಲಿದ್ದು, ವ್ಯಾಯಾಮಕ್ಕೂ ಬಗ್ಗದ ಒಂದು ಮಡಿಕೆಯಷ್ಟೇ ಉಳಿದವರಿಗೆ ತಕ್ಕಮಟ್ಟಿನ ಫಲವನ್ನು ಕೊಡುವುವು. ಹೋಗಬೇಕೆನಿಸಿದವರು, ನಮ್ಮ ತೊಂದರೆ ಕೊಬ್ಬಿನದೋ ಸ್ನಾಯುವಿನದೋ ಸಡಿಲ ಚರ್ಮದ್ದೋ ಎಂದು ಮೊದಲು ವೈದ್ಯರಿಂದ ಪರೀಕ್ಷಿಸಿಕೊಳ್ಳಲಿ. ಎಷ್ಟು ಸರದಿ, ಒಟ್ಟು ವೆಚ್ಚವೆಷ್ಟು, ಕೆಟ್ಟರೆ ಹೊಣೆ ಯಾರದೆಂದು ಕೇಳಿಕೊಳ್ಳಲಿ. ಗರ್ಭಿಣಿಯರೂ, ಹೊಟ್ಟೆಯಲ್ಲಿ ಹರ್ನಿಯಾ ಇರುವವರೂ, ತಂಪು ತಾಗಿದರೆ ರಕ್ತ ಕೆಡುವ ವ್ಯಾಧಿಯುಳ್ಳವರೂ ಶೈತ್ಯದ ಯಂತ್ರದಿಂದ ದೂರವಿರತಕ್ಕದ್ದು.

ಇದಕ್ಕೆಲ್ಲ ಮೊದಲು, ಹೊಲಿಗೆಯ ಪೆಟ್ಟಿಗೆಯಲ್ಲಿರುವ ಟೇಪನ್ನು ತೆಗೆದು ಮನೆಯವರೆಲ್ಲರ ಸೊಂಟವನ್ನು ಅಳೆದು ನೋಡಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೇರೆಯೆಂದು ವೈದ್ಯರು ಗೊತ್ತುಮಾಡಿದ್ದಾರೆ. ಅದು ಮೀರಿದ್ದರೆ ಸೌಂದರ್ಯಗೃಹದ ಬಾಗಿಲಿಗಿಂತ ಮೊದಲು ಊಟದ ತಟ್ಟೆಯನ್ನೂ ಸಂಜೆಯ ನಡಿಗೆಯನ್ನೂ ವಿಚಾರಿಸಿಕೊಳ್ಳುವುದು ಒಳಿತು.