ಬೆಚ್ಚಗಿನ ಸ್ವಿಚ್ಚು

"ಗೀಸರ್ ಸ್ವಿಚ್ ಮುಟ್ಟಿದ್ರೆ ಬೆಚ್ಚಗಿರತ್ತೆ ಕಣೋ" ಅಂತ ಅಮ್ಮ ಮೂರು ತಿಂಗಳಿಂದ ಹೇಳ್ತಾನೇ ಇದ್ದಳು. "ಎಂಸಿಬಿ ಇದೆಯಲ್ಲಮ್ಮಾ, ಏನೂ ಆಗಲ್ಲ" ಅಂತ ಬೆಂಗಳೂರಿಂದಲೇ ಧೈರ್ಯ ಹೇಳಿದ್ದೆ.

ಹಬ್ಬಕ್ಕೆ ಮೈಸೂರಿಗೆ ಹೋದಾಗ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದರು. ಒಳಗೆಲ್ಲ ಸುಟ್ಟು ಕರ್ರಗಾಗಿತ್ತು. "ಹಳೇ ಅಲ್ಯೂಮಿನಿಯಂ ವೈರು ಸಾರ್. ಬಿಸಿಗೆ ತಾಮ್ರಕ್ಕಿಂತ ಜಾಸ್ತಿ ಹಿಗ್ಗತ್ತೆ, ಆರಿದಾಗ ಕುಗ್ಗತ್ತೆ. ಸ್ಕ್ರೂ ಸಡಿಲ ಆಗಿ ಜಾಯಿಂಟ್ ಕಾಯತ್ತೆ. ಕರೆಂಟು ಹೆಚ್ಚು ಹರಿಯಲ್ವಲ್ಲ, ಎಂಸಿಬಿ ಟ್ರಿಪ್ ಆಗಲ್ಲ" ಅಂದರು.

1978ರಲ್ಲಿ ಅಪ್ಪ ಕಟ್ಟಿಸಿದ ಮನೆ. ಆಗ ಬಚ್ಚಲಲ್ಲಿದ್ದದ್ದು ಹಂಡೆ. ಮೊದಲ ಸಂಬಳದಲ್ಲಿ ಗೀಸರ್ ಹಾಕಿಸಿಕೊಟ್ಟವನು ನಾನು; ವೈರು ಯಾವುದು ಅಂತ ಕೇಳಿರಲೇ ಇಲ್ಲ.

ಅವತ್ತೇ ಗೀಸರ್‌ಗೆ ತಾಮ್ರದ ವೈರು ಎಳೆಸಿದೆ. ನಿಮ್ಮ ಅಪ್ಪ ಅಮ್ಮನೂ ಹಳೇ ಮನೇಲಿದ್ದರೆ ಇವತ್ತೇ ಫೋನ್ ಮಾಡಿ, ಸ್ವಿಚ್ ಬೆಚ್ಚಗಾಗತ್ತಾ ಕೇಳಿ.