ಮಗಳ ಲ್ಯಾಪ್‌ಟಾಪ್: ಹೊಳಲೂರಿನ ಕೆಲವು ಪುಟಗಳು

ಆಗಸ್ಟ್ 30, 2025, ಶನಿವಾರ ರಾತ್ರಿ

ಲ್ಯಾಪ್‌ಟಾಪ್ ಬೇಕೇ ಬೇಕಂತೆ. ಎಂಜಿನಿಯರಿಂಗಿನ ಮೊದಲ ವರ್ಷವೇ ಡ್ರಾಯಿಂಗ್ ಎಲ್ಲ ಕಂಪ್ಯೂಟರಿನಲ್ಲಿ. ಲ್ಯಾಬಿನಲ್ಲಿ ಮಾಡಿಸುತ್ತಾರೆ, ಕೈ ಕೂರಬೇಕಾದರೆ ಮನೆಯಲ್ಲೂ ಮಾಡಬೇಕು. ಊಟದ ಹೊತ್ತಿಗೆ ಇವರು "ಎಷ್ಟಾಗುತ್ತೆ?" ಅಂದರು. "ಎಪ್ಪತ್ತು ಸಾವಿರ" ಅಂದಳು. ಇವರು ಮಾತಾಡಲಿಲ್ಲ. ಅಡಿಕೆ ಚೇಣಿ ಗುತ್ತಿಗೆಯ ಮುಂಗಡದಲ್ಲಿ ಫೀಸು ಕಟ್ಟಿದ್ದಾಯಿತು. ಉಳಿದಿರುವುದು ಗೊಬ್ಬರದ್ದು.

ನಾಲ್ಕು ವರ್ಷ ಬಾಳಬೇಕು. ಸದ್ಯಕ್ಕೆ ನನಗೆ ಗೊತ್ತಿರುವುದು ಇಷ್ಟೇ.

ಆಗಸ್ಟ್ 31, ಭಾನುವಾರ

ಅವಳ ಮನಸ್ಸಿನಲ್ಲಿರುವುದು ಗೇಮಿಂಗ್ ಲ್ಯಾಪ್‌ಟಾಪ್. ಆಟಕ್ಕಲ್ಲ ಅಮ್ಮ, ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುತ್ತೆ, ಡಿಸೈನ್ ಸಾಫ್ಟ್‌ವೇರ್ ಓಡುತ್ತೆ ಅಂತ ಬಿಡಿಸಿ ಹೇಳಿದಳು. ನಂಬಿದೆ. ತೂಕ ಎಷ್ಟು ಅಂದೆ. 2.3 ಕಿಲೋ. ಅದರ ಚಾರ್ಜರ್ರೇ ಇಟ್ಟಿಗೆಯಷ್ಟಿದೆ, ಇನ್ನೂರು ವಾಟ್ ಮೇಲೆ. ಅದನ್ನೂ ಹೊರಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಒಳಗೆ ಬ್ಯಾಟರಿ ಮುಗಿಯುತ್ತೆ.

ಬೆಳಗಿನ ಬಸ್ಸು ಹೊನ್ನಾಳಿಯಿಂದಲೇ ತುಂಬಿಕೊಂಡು ಬರುತ್ತದೆ. ಹೊಳಲೂರಿನಲ್ಲಿ ಹತ್ತಿದವರು ಶಿವಮೊಗ್ಗದವರೆಗೂ ನಿಂತೇ ಹೋಗಬೇಕು. ಅಲ್ಲಿಂದ ನವುಲೆಯ ಕಾಲೇಜಿಗೆ ಇನ್ನೊಂದು ಬಸ್ಸು. ಬ್ಯಾಗಿನಲ್ಲಿ ರೆಕಾರ್ಡು, ಬುತ್ತಿ, ನೀರು, ಈ ಮಳೆಗೆ ಕೊಡೆ.

ಹೇಳಿದ್ದಕ್ಕೆ "ಎಲ್ಲರೂ ಹೊರ್ತಾರೆ" ಅಂದಳು. ಎಲ್ಲರೂ ಅಂದರೆ ಹಾಸ್ಟೆಲಿನವರು.

ಸೆಪ್ಟೆಂಬರ್ 4, ಗುರುವಾರ

ನಿನ್ನೆ ರಾತ್ರಿ ಜಿಎಸ್‌ಟಿ ಇಳಿಸಿದ್ದಾರೆ. 22ರಿಂದ ಜಾರಿ. ಇವರಿಗೆ ಬೆಳಗ್ಗೆಯಿಂದ ಸಮಾಧಾನ. "ಕಾಯೋಣ, ಏಳೆಂಟು ಸಾವಿರ ಉಳಿಯುತ್ತೆ." ಪೇಪರನ್ನು ಎರಡು ಸಲ ಓದಿದೆ. ಟಿವಿ, ಏಸಿ 28ರಿಂದ 18ಕ್ಕೆ. ಲ್ಯಾಪ್‌ಟಾಪ್ ಮೊದಲಿಂದಲೂ 18. ಈಗಲೂ 18.

ತೋಟದಿಂದ ಬಂದ ಮೇಲೆ ಹೇಳಿದೆ. "ಹೌದಾ" ಅಂದು ಕಾಲು ತೊಳೆಯಲು ಹೋದರು.

ಸೆಪ್ಟೆಂಬರ್ 7, ಭಾನುವಾರ

ಗ್ರಹಣ. ಬೇಗ ಊಟ ಮುಗಿಸಿದ್ದರಿಂದ ರಾತ್ರಿ ಉದ್ದವಾಯಿತು.

ಬೆಂಗಳೂರಿನಿಂದ ಮೈದುನ ಫೋನ್ ಮಾಡಿದ್ದ. ಅವನ ಹಳೆಯದು ಹದಿನೈದು ಸಾವಿರಕ್ಕೆ ಕೊಡುತ್ತಾನಂತೆ. ಇವರು ಒಪ್ಪಿಯೇ ಬಿಟ್ಟಿದ್ದರು. ಯಾವ ತಲೆಮಾರಿನ ಪ್ರೊಸೆಸರ್ ಅಂತ ಕೇಳಿಸಿದೆ. ಇಂಟೆಲ್ ಏಳನೆಯದು. ವಿಂಡೋಸ್ 11ಕ್ಕೆ ಎಂಟನೆಯದಾದರೂ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಹೇಳಿರುವ ಕೊನೆಯ ದಿನ ಅಕ್ಟೋಬರ್ 14. ಮುಂದಿನ ತಿಂಗಳು! ಲಿನಕ್ಸ್ ಹಾಕಬಹುದು, ಆದರೆ ಇವಳ ಡ್ರಾಯಿಂಗಿನ ಸಾಫ್ಟ್‌ವೇರ್ ಸಾಲಿಡ್ ಎಡ್ಜ್ ವಿಂಡೋಸ್ ಬಿಟ್ಟು ಬೇರೆಡೆ ಓಡುವುದಿಲ್ಲ. ವಿದ್ಯಾರ್ಥಿಗಳಿಗೆ ಅದು ಉಚಿತ, ಅದೊಂದು ಪುಣ್ಯ.

ಮ್ಯಾಕ್‌ಬುಕ್ ಏರ್ ಬೇಡವಾದದ್ದೂ ಈ ವಿಂಡೋಸ್ ಕಾರಣಕ್ಕೇ. 1.24 ಕಿಲೋ. ಒಳಗೆ ಫ್ಯಾನೇ ಇಲ್ಲ, ದೂಳು ಎಳೆದುಕೊಳ್ಳುವ ಭಯವಿಲ್ಲ. ಬೆಲೆ 99,900, ವಿದ್ಯಾರ್ಥಿಗಳಿಗೆ ಹತ್ತು ಸಾವಿರ ಕಡಿಮೆ. ಕೈಗೆಟುಕದು. ಎಟುಕಿದ್ದರೂ ಇವಳ ಕೆಲಸಕ್ಕಾಗದು. ಆದರೂ ಆ ತೂಕ ತಲೆಯಲ್ಲಿ ಉಳಿದಿದೆ.

ಸೆಪ್ಟೆಂಬರ್ 10, ಬುಧವಾರ

ಶಿವಮೊಗ್ಗದ ನೆಹರೂ ರಸ್ತೆ. ಅಂಗಡಿಯ ಹುಡುಗ ಐ5, ಐ7 ಅಂತಲೇ ಮಾತಾಡುತ್ತಿದ್ದ. ನಾನು ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡುತ್ತಿದ್ದೆ. ಯು ಅಂದರೆ ಕಡಿಮೆ ಕರೆಂಟು ತಿನ್ನುವುದು, ಎಚ್ ಅಂದರೆ ಹೆಚ್ಚು ಬಲ, ಹೆಚ್ಚು ಬಿಸಿ. ರೈಜನ್ 7530ಯು ತೋರಿಸಿ "7000 ಸೀರೀಸ್ ಮೇಡಂ" ಅಂದ. ಏಳು ಬರೀ ವರ್ಷದ ಗುರುತು. ಒಳಗಿನ ವಿನ್ಯಾಸ ಯಾವ ಕಾಲದ್ದು ಅನ್ನುವುದು ಮೂರನೆಯ ಅಂಕಿಯಲ್ಲಿದೆ. ಅಲ್ಲಿ 3 ಅಂದರೆ ಝೆನ್ 3, 2020ರದ್ದು. ಕೆಟ್ಟದ್ದಲ್ಲ, ಹೊಸದೂ ಅಲ್ಲ. ಹೇಳಿದಾಗ ಮಗಳು ನನ್ನ ಮುಖ ನೋಡಿದಳು.

ತೆಳ್ಳಗಿರುವ ಬಹಳಷ್ಟರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ. ಇವತ್ತು ಎಷ್ಟು ತಗೊಂಡೆವೋ ನಾಲ್ಕು ವರ್ಷಕ್ಕೂ ಅಷ್ಟೇ. 8 ಜಿಬಿಯದನ್ನು ಪಕ್ಕಕ್ಕಿಡಿಸಿದೆ. 250 ನಿಟ್ಸ್ ಪರದೆಯದು ಅಂಗಡಿಯ ಬಾಗಿಲಿಗೆ ತಂದರೆ ಮಂಕು. ಕೆಲವಕ್ಕೆ ಮಿಲಿಟರಿ ಪರೀಕ್ಷೆ ಪಾಸಾಗಿದೆ, 810ಎಚ್ ಅಂತ ಚೀಟಿ. ಆ ಪಟ್ಟಿಯಲ್ಲಿ ಯಾವ ಪರೀಕ್ಷೆ ಮಾಡಿಸಬೇಕು ಅನ್ನುವುದನ್ನು ಕಂಪನಿಯೇ ಆರಿಸಿಕೊಳ್ಳುತ್ತದೆ. ಯಾವುದು ಮಾಡಿಸಿದ್ದಾರೆ ಅಂದೆ. ಗೊತ್ತಿಲ್ಲ.

ವಾರಂಟಿ ಆನ್‌ಸೈಟ್ ಅಂದರೆ ಹೊಳಲೂರಿಗೂ ಬರುತ್ತಾರಾ? "ಬರ್ತಾರೆ." ಬರಬಹುದು.

ವಾಪಸ್ ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ.

ಸೆಪ್ಟೆಂಬರ್ 14, ಭಾನುವಾರ, ಭದ್ರಾವತಿ

ಅಣ್ಣನ ಮನೆ. ವಿಐಎಸ್‌ಎಲ್‌ನ ಉಕ್ಕಿನ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಆಯುಷ್ಯ ಕಳೆದವನು. ಇವಳು ಮೆಕ್ಯಾನಿಕಲ್ ಹಿಡಿದದ್ದೇ ಅವನ ಮಾತು ಕೇಳಿ ಕೇಳಿ.

ಪ್ರೊಸೆಸರ್ ವಿಷಯ ಅವನು ಕೇಳಲೇ ಇಲ್ಲ. ಪಕ್ಕದ ಮನೆ ಹುಡುಗನ ಕೆಟ್ಟ ಲ್ಯಾಪ್‌ಟಾಪ್ ತರಿಸಿ ಇವಳ ಮುಂದಿಟ್ಟ. ಮುಚ್ಚಳದ ಕೀಲು ಕಿತ್ತು ಬಂದಿತ್ತು. "ಕೀಲು ಉಕ್ಕಿನದ್ದೇ. ಸ್ಕ್ರೂ ಕಚ್ಚಿರೋದು ಎಲ್ಲಿ ನೋಡು." ಪ್ಲಾಸ್ಟಿಕ್ಕಿನಲ್ಲಿ. ದಿನಾ ತೆರೆದು ಮುಚ್ಚುವ ಬಲವೆಲ್ಲ ಆ ಸಣ್ಣ ಬುಡದ ಮೇಲೆ. ಒಳಗಿನ ಯಂತ್ರ ಚೆನ್ನಾಗಿದ್ದರೂ ಹೊರಗೆ ಮುಗಿದ ಕಥೆ. "ಮೂಲೆ ಹಿಡಿದು ಎತ್ತಬೇಡ, ಮಧ್ಯ ಹಿಡಿದು ಎತ್ತು ಮಗಾ" ಅಂದ. ಅಂಗಡಿಯಲ್ಲಿ ಕೀಬೋರ್ಡಿನ ನಡುವೆ ಹೆಬ್ಬೆರಳು ಒತ್ತಿ ನೋಡು, ಬಗ್ಗಿದರೆ ಬಿಡು, ಹಿಂಬದಿಯ ಸ್ಕ್ರೂ ಬಿಚ್ಚಲು ಬರುತ್ತಾ ಕೇಳು ಅಂತಲೂ ಹೇಳಿಕೊಟ್ಟ.

"ಮಾವ, ಗ್ರಾಫಿಕ್ಸ್ ಕಾರ್ಡ್?" ಅಂದಳು. "ಅದು ನಂಗೊತ್ತಿಲ್ಲ" ಅಂದ. ಗೊತ್ತಿಲ್ಲದ್ದನ್ನು ಅವನು ಯಾವತ್ತೂ ಗೊತ್ತು ಅಂದವನಲ್ಲ.

ಅದೇ ರಾತ್ರಿ

ಮೊದಲ ಎರಡು ವರ್ಷದ ಡ್ರಾಯಿಂಗ್‌ಗೆ ಕಾರ್ಡ್ ಬೇಡ, ಅಷ್ಟು ಖಾತ್ರಿ. ಮೂರನೆಯ ವರ್ಷ ಆನ್ಸಿಸ್ ಸಾಫ್ಟ್‌ವೇರ್ ಬಂದಾಗ ಏನು? ಭಾರದ ಲೆಕ್ಕಗಳನ್ನು ಲ್ಯಾಬಿನ ಯಂತ್ರದಲ್ಲಿ ಮಾಡಿಕೊಳ್ಳಬಹುದು ಅಂತ ನಾನು. ಲ್ಯಾಬ್ ಮುಚ್ಚಿದ ಮೇಲೆ ಅಂತ ಅವಳು. ಅವಳು ಹೇಳುವುದರಲ್ಲಿ ನ್ಯಾಯವಿದೆ. ಅವಳ ಭುಜವನ್ನೂ ನಾನೇ ನೋಡಬೇಕಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಅಣ್ಣ ಬಂದವನೇ ಗೋಡೆಯ ಸಾಕೆಟ್ ಬಿಚ್ಚಿದ. ಮೂರನೆಯ ತೂತಿಗೆ ತಂತಿಯೇ ಇಲ್ಲ. ಲೋಹದ ಮೈಯ ಲ್ಯಾಪ್‌ಟಾಪನ್ನು ಹೀಗೆ ಚಾರ್ಜಿಗೆ ಹಾಕಿದರೆ ಅಂಗೈ ಜುಮ್ಮೆನ್ನುತ್ತದಂತೆ. ಹಿತ್ತಿಲಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿಸಿದ್ದಾಯಿತು. ಗೊಬ್ಬರದ ದುಡ್ಡಿನಲ್ಲಿ ಇನ್ನೊಂದಿಷ್ಟು ಹೋಯಿತು. ಇಷ್ಟು ವರ್ಷ ಫ್ರಿಜ್ಜು, ಮಿಕ್ಸಿ ಎಲ್ಲ ಹಾಗೇ ನಡೆದಿವೆ. ನೆನೆಸಿಕೊಂಡರೆ ಮೈ ನಡುಗುತ್ತದೆ.

ಸೆಪ್ಟೆಂಬರ್ 27, ಶನಿವಾರ

ತಂದೆವು. ಥಿಂಕ್‌ಪ್ಯಾಡ್ ಇ14. ಒಂದೂವರೆ ಕಿಲೋದೊಳಗೆ. 65 ವಾಟಿನ ಟೈಪ್ ಸಿ ಚಾರ್ಜರ್, ಅವಳ ಫೋನಿಗೂ ಆಗುತ್ತದೆ. 512 ಜಿಬಿ ಎಸ್‌ಎಸ್‌ಡಿ. 16 ಜಿಬಿ ರ‍್ಯಾಮ್, ಒಂದೇ ಕಡ್ಡಿಯಲ್ಲಿ. ಎರಡನೇ ಸ್ಲಾಟ್ ಖಾಲಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅಂಗಡಿಯಲ್ಲಿ ಮಗಳೇ ಹೆಬ್ಬೆರಳು ಒತ್ತಿ ನೋಡಿದಳು, ಮುಚ್ಚಳವನ್ನು ಮಧ್ಯ ಹಿಡಿದು ತೆರೆದಳು. "ಇದೇ ಇರಲಿ" ಅಂದವಳೂ ಅವಳೇ.

ಮನಸ್ಸಿನಿಂದ ಅಂದಳಾ? ಕೇಳಲಿಲ್ಲ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಟಿಲ್ಲರ್, ಪಂಪಿನ ಸ್ಟಾರ್ಟರ್, ಅಡಿಕೆ ಸುಲಿಯುವ ಕತ್ತಿ, ಹೊಲಿಗೆ ಮೆಷಿನ್ನು, ಲ್ಯಾಪ್‌ಟಾಪ್. ಇವರು ಕುಂಕುಮ ಹಚ್ಚುವಾಗ ಅವಳು "ಮುಚ್ಚಳಕ್ಕೆ ಮಾತ್ರ ಅಪ್ಪಾ, ಕೀಲಿನ ಸಂದಿಗೆ ಬೀಳಬಾರದು" ಅಂದಳು. ಇವರು ಬೆರಳ ತುದಿಯಲ್ಲಿ ಒಂದೇ ಬೊಟ್ಟಿಟ್ಟರು.

ಅಕ್ಟೋಬರ್ 16, ಗುರುವಾರ

ಸಂಜೆ ಕರೆಂಟ್ ಇರಲಿಲ್ಲ. ಎಂಟರ ತನಕ ಬ್ಯಾಟರಿಯಲ್ಲೇ ಡ್ರಾಯಿಂಗ್ ಮುಗಿಸಿದಳು. ಭುಜ ನೋವು ಅಂದಿಲ್ಲ. ಒಂದು ಅಸೆಂಬ್ಲಿ ತಿರುಗಿಸುವಾಗ ಪರದೆ ತಡವರಿಸಿತು, ಗೆಳತಿಯದರಲ್ಲಿ ಹಾಗಾಗುವುದಿಲ್ಲ ಅಂದಳು. ದೂರಿನ ದನಿಯಲ್ಲ. ಆದರೂ ಚುಚ್ಚಿತು.

ಓದಿ ನೋಡಿದೆ. ರ‍್ಯಾಮ್ ಒಂದೇ ಕಡ್ಡಿಯಿದ್ದರೆ ಒಳಗಿನ ಗ್ರಾಫಿಕ್ಸಿಗೆ ದಾರಿ ಇಕ್ಕಟ್ಟು. ಅದೇ ಅಳತೆಯ ಇನ್ನೊಂದು ಹಾಕಿದರೆ ಓಟ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ, ಇವಳ ಕೆಲಸಕ್ಕೆ ಸಾಲುತ್ತದಾ, ಹಾಕಿಯೇ ನೋಡಬೇಕು. ಚೇಣಿಯವರು ಬಾಕಿ ಕೊಡುವುದು ಎರಡನೇ ಕೊಯ್ಲಾದ ಮೇಲೆ. ಕ್ಯಾಲೆಂಡರಿನ ನವೆಂಬರ್ ಹಾಳೆಯಲ್ಲಿ ಬರೆದಿಟ್ಟೆ: ಡಿಡಿಆರ್5, 16 ಜಿಬಿ, ಲ್ಯಾಪ್‌ಟಾಪಿನದು. ಅಣ್ಣನಿಗೆ ಸಣ್ಣ ಸ್ಕ್ರೂಡ್ರೈವರ್ ತರಲು ಹೇಳುವುದು.