ಮೊದಲು ಬೀಳುವ ಪಾಠ

ನಾನು ಜೂಡೋ ಕಲಿತವಳೆಂದು ಗೊತ್ತಾದ ಮೇಲೆ ಅಭ್ಯಾಸ ಬೋಧನೆಯ ಶಾಲೆಯಲ್ಲಿ ನನಗೆ ಒಂಬತ್ತನೆಯ ತರಗತಿಯ ‘ಬಿ’ ವಿಭಾಗ ಬಂತು. “ಆ ಹುಡುಗೂರನ್ನ ಹಿಡಿಯಾಕ ನಿಮ್ಮಂಥಾವರ ಬೇಕ್ರಿ” ಎಂದರು ಅಲ್ಲಿನ ಹಿರಿಯ ಶಿಕ್ಷಕರೊಬ್ಬರು. ಪ್ರೀತಿಯಿಂದಲೇ ಹೇಳಿದರು. ಆದರೆ ಸಮರಕಲೆ ಎಂದರೆ ಎದುರಿನವರನ್ನು ಅಂಜಿಸುವ ವಿದ್ಯೆ ಎಂಬ ತಿಳಿವಳಿಕೆ ಆ ಮಾತಿನಲ್ಲಿತ್ತು. ಏಳು ವರ್ಷ ನಾನು ಕಲಿತದ್ದು ಅದಲ್ಲ. ಮುಂದಿನ ಸಾಲಿನಲ್ಲಿ ಶಾಲೆಗಳಿಗೆ ಹೋಗಲಿರುವ ಪ್ರಶಿಕ್ಷಣಾರ್ಥಿಗಳಿಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಳಗಾವಿಯಲ್ಲಿ ಏಳನೆಯ ತರಗತಿ ಓದುವಾಗ ನಾನು ಜೂಡೋಗೆ ಸೇರಿದೆ. ಮೊದಲ ದಿನವೇ ಯಾರನ್ನಾದರೂ ಎತ್ತಿ ಒಗೆಯಬಹುದೆಂದು ಆಸೆಯಿತ್ತು. “ಮೊದ್ಲ ಬೀಳೂದು ಕಲಿ. ಒಗಿಯೂದು ಆಮ್ಯಾಲೆ” ಎಂದರು ನಮ್ಮ ಸರ್. ಮೂರು ವಾರ ಬರೀ ಬಿದ್ದೆವು. ಮೊದಲು ಮಲಗಿಕೊಂಡು, ಆಮೇಲೆ ಕುಕ್ಕರುಗಾಲಲ್ಲಿ, ಕೊನೆಗೆ ನಿಂತು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲವಾದರೆ ತಲೆ ನೆಲಕ್ಕೆ ಬಡಿಯುತ್ತದೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಬೇಕು. ಬೆನ್ನು ಮ್ಯಾಟಿಗೆ ತಾಗುವಾಗಲೇ ಎರಡೂ ಕೈಗಳಿಂದ ಮ್ಯಾಟನ್ನು ಬಡಿದು ಉಸಿರು ಬಿಡಬೇಕು. ಜಪಾನೀ ಭಾಷೆಯಲ್ಲಿ ಇದಕ್ಕೆ ‘ಉಕೆಮಿ’ ಎನ್ನುತ್ತಾರೆ. “ರೊಕ್ಕಾ ಕೊಟ್ಟು ಬೀಳಾಕ ಹೊಕ್ಕಾಳ ನನ್ನ ಮಗಳು” ಎಂದು ಅವ್ವ ಓಣಿಯಲ್ಲೆಲ್ಲ ಹೇಳಿ ನಗುತ್ತಿದ್ದಳು.

ಜೂಡೋ ಧೈರ್ಯ ಕೊಡುತ್ತದೆ ಎಂದು ಹೇಳುವುದು ರೂಢಿ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ವೇದಿಕೆ ಹತ್ತುವ ಮುಂಚೆ ಇಂದಿಗೂ ನನ್ನ ಅಂಗೈ ಬೆವರುತ್ತದೆ. ಬದಲಾದದ್ದು ಇಷ್ಟೇ: ಬಿದ್ದರೆ ಏನಾಗುತ್ತದೆ ಎಂಬುದು ಮೈಗೆ ತಿಳಿಯಿತು. ಅಜ್ಜನ ಊರಿನ ಬಾವಿಗೆ ಜಿಗಿದು ಈಜು ಕಲಿತದ್ದು, ಕಾಲೇಜಿನಲ್ಲಿ ನಾಟಕ ಬರೆದು ಆಡಿಸಿದ್ದು, ಎಲ್ಲವೂ ಅದರ ನಂತರದವು. ಹೊಸದನ್ನು ಕಟ್ಟಲು ಬೇಕಾದದ್ದೂ ಬಹುಶಃ ಅದೇ. ಕೆಟ್ಟ ಸಾಲು ಬರೆದವಳು ಅದನ್ನು ಹೊಡೆದುಹಾಕಿ ಇನ್ನೊಂದು ಬರೆಯುತ್ತಾಳೆ, ಅಷ್ಟೇ.

ಜೂಡೋ ಕಟ್ಟಿದ ಜಿಗೊರೊ ಕಾನೋ (1860–1938) ನಮ್ಮ ವೃತ್ತಿಯವರೇ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಅವರು 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ 12 ಚಾಪೆಗಳಷ್ಟು ಜಾಗದಲ್ಲಿ ಕೊಡೋಕಾನ್ ಶಾಲೆ ತೆರೆದರು. ಮುಂದೆ ಶಿಕ್ಷಕರನ್ನು ತಯಾರು ಮಾಡುವ ಟೋಕಿಯೋ ಹೈಯರ್ ನಾರ್ಮಲ್ ಸ್ಕೂಲಿಗೆ ಒಟ್ಟು 20 ವರ್ಷಕ್ಕೂ ಮಿಕ್ಕಿ ಮುಖ್ಯಸ್ಥರಾಗಿದ್ದರು. ಅಂದರೆ ಅವರ ಹಗಲೆಲ್ಲ ನಮ್ಮಂಥ ಪ್ರಶಿಕ್ಷಣಾರ್ಥಿಗಳ ನಡುವೆಯೇ ಕಳೆಯುತ್ತಿತ್ತು. ಅವರ ಬೋಧನಾ ಕ್ರಮದಲ್ಲಿ ನಾಲ್ಕು ಭಾಗಗಳಿದ್ದವು: ನಿಗದಿತ ವರಸೆಗಳ ‘ಕತಾ’, ಮುಕ್ತ ಸೆಣಸಾಟದ ‘ರಂದೋರಿ’, ಉಪನ್ಯಾಸ, ಪ್ರಶ್ನೋತ್ತರ. ಕತಾ ವ್ಯಾಕರಣವಿದ್ದಂತೆ, ರಂದೋರಿ ಪ್ರಬಂಧ ಬರೆದಂತೆ ಎಂಬ ಹೋಲಿಕೆಯೂ ಅವರದೇ. ನಮ್ಮ ಪಾಠ ಯೋಜನೆ ಕತಾ. ನಲವತ್ತು ಮಕ್ಕಳೆದುರು ನಿಂತ ಮೇಲೆ ನಡೆಯುವುದು ರಂದೋರಿ. ಸೂಕ್ಷ್ಮ ಬೋಧನೆಯ ದಿನಗಳಲ್ಲಿ ನಾವು ವ್ಯಾಕರಣವನ್ನೇ ಅರೆದು ಕುಡಿಯುತ್ತೇವೆ. ಪ್ರಬಂಧ ಬರೆಯಲು ಸಿಗುವ ದಿನಗಳು ಬಹಳ ಕಡಿಮೆ ಎಂಬುದು ನನ್ನ ದೂರು.

ಒಂಬತ್ತನೆಯ ‘ಬಿ’ಗೆ ನಾನು ‘ಬಲ ಮತ್ತು ಚಲನೆಯ ನಿಯಮಗಳು’ ಘಟಕ ಮಾಡಬೇಕಿತ್ತು. ವೇಗವಾಗಿ ಬರುವ ಚೆಂಡನ್ನು ಹಿಡಿಯುವಾಗ ಕ್ಷೇತ್ರರಕ್ಷಕ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವ ಉದಾಹರಣೆ ಪುಸ್ತಕದಲ್ಲೇ ಇದೆ. ಅದನ್ನು ಓದಿಸಿ ಮುಗಿಸಬಹುದಿತ್ತು. ನಾನು ಮಕ್ಕಳನ್ನು ಪ್ರಾರ್ಥನಾ ಸಭಾಂಗಣಕ್ಕೆ ಕರೆದೊಯ್ದು, ಆಟದ ಕೋಣೆಯ ಎರಡು ಮ್ಯಾಟ್ ಹಾಸಿ, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ನಿಂತಲ್ಲಿಂದ ಹಿಂದಕ್ಕೆ ಬಿದ್ದೆ.

ಒಂದು ಕ್ಷಣ ಸದ್ದೇ ಇಲ್ಲ. “ಅಕ್ಕೋರ, ನೋವಾತೇನ್ರಿ?” ಎಂದಿತು ಒಂದು ದನಿ. ಇನ್ನೊಂದು, “ಮತ್ತೊಮ್ಮೆ ಬೀಳ್ರಿ ಅಕ್ಕೋರ!” ಎಲ್ಲರೂ ನಕ್ಕರು, ನಾನೂ ನಕ್ಕೆ. ಮತ್ತೆ ಬಿದ್ದೆ, ಈ ಸಲ ನಿಧಾನವಾಗಿ, ಸೊಂಟ, ಬೆನ್ನು, ಹೆಗಲು ಯಾವ ಕ್ರಮದಲ್ಲಿ ನೆಲಕ್ಕೆ ತಾಗುತ್ತವೆಂದು ತೋರಿಸುತ್ತ. ನೋವೇಕೆ ಆಗಲಿಲ್ಲ ಎಂಬ ಪ್ರಶ್ನೆ ಅವರದೇ ಆಯಿತು. ಸಂವೇಗ ಸೊನ್ನೆಯಾಗಲೇಬೇಕು; ಅದಕ್ಕೆ ಹಿಡಿಯುವ ಸಮಯ ಹೆಚ್ಚಿದರೆ ಬಲ ತಗ್ಗುತ್ತದೆ; ಆ ಬಲ ದೊಡ್ಡ ಜಾಗದಲ್ಲಿ ಹರಡಿದರೆ ಒತ್ತಡವೂ ತಗ್ಗುತ್ತದೆ. ಇದನ್ನು ನಾನು ಹಲಗೆಯ ಮೇಲೆ ಬರೆಯುವ ಮೊದಲೇ ಕಬಡ್ಡಿ ಆಡುವ ಹುಡುಗನೊಬ್ಬ ತನ್ನ ಮಾತಿನಲ್ಲಿ ಹೇಳಿಬಿಟ್ಟಿದ್ದ. ಮಕ್ಕಳಿಗೆ ಬೀಳಲು ಬಿಡಲಿಲ್ಲ. ಕುಳಿತಲ್ಲೇ ಹಿಂದಕ್ಕೆ ಉರುಳಿ ನೋಡಿದರು.

ಮೂರನೆಯ ಬೆಂಚಿನಲ್ಲಿ ಒಬ್ಬ ಹುಡುಗಿಯಿದ್ದಳು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು, ಬಾಯಿ ತೆರೆಯಳು. ಎರಡು ವಾರದಲ್ಲಿ ಒಂದು ಶಬ್ದವೂ ಇಲ್ಲ. ಜೂಡೋದಲ್ಲಿ ಹಿಡಿತ ತಡೆಯಲಾಗದಿದ್ದರೆ ಎದುರಾಳಿಯ ಮೈಯನ್ನೋ ಮ್ಯಾಟನ್ನೋ ಎರಡು ಸಲ ತಟ್ಟುತ್ತೇವೆ. ತಟ್ಟಿದೊಡನೆ ಹಿಡಿತ ಬಿಡಬೇಕು; ಕಾರಣ ಕೇಳುವಂತಿಲ್ಲ. ಈ ನಿಯಮವಿರುವುದರಿಂದಲೇ ನಾವು ನಮಗಿಂತ ಗಟ್ಟಿಗರ ಕೈಗೆ ಸಿಗಲು ಒಪ್ಪುತ್ತೇವೆ. ಇದನ್ನೇ ತರಗತಿಗೆ ತಂದೆ: ಉತ್ತರ ಹೊಳೆಯದಿದ್ದರೆ ಬೆಂಚನ್ನು ಎರಡು ಸಲ ತಟ್ಟಿ, ನಾನು ಮುಂದೆ ಹೋಗುತ್ತೇನೆ, ಯಾರೂ ನಗುವಂತಿಲ್ಲ.

ಮೊದಲ ದಿನ ಇಡೀ ತರಗತಿ ತಟ್ಟಿತು. ಡೊಳ್ಳು ಕುಣಿತವೇ ಸರಿ. ಮೂರನೆಯ ದಿನಕ್ಕೆ ಆ ಹುರುಪು ಇಳಿಯಿತು. ಆ ಹುಡುಗಿ ನಾಲ್ಕು ದಿನ ತಟ್ಟಿದಳು. ಐದನೆಯ ದಿನ ಕೈ ಎತ್ತಿದವಳು ಅರ್ಧ ಉತ್ತರ ಹೇಳಿ, ಉಳಿದರ್ಧಕ್ಕೆ ಬೆಂಚು ತಟ್ಟಿ ಕುಳಿತಳು.

ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ‘ತರಗತಿ ನಿಯಂತ್ರಣ’ ಎಂಬಲ್ಲಿ ‘ಗದ್ದಲ ಹೆಚ್ಚು, ಗಮನಿಸಿ’ ಎಂದು ಬರೆದರು. ತಟ್ಟುವ ಸೌಲಭ್ಯವಿದ್ದರೆ ಸೋಮಾರಿಗಳು ಯೋಚಿಸುವುದನ್ನೇ ಬಿಡುತ್ತಾರೆ ಎಂಬುದು ಅವರ ವಾದ. ಅದು ಸುಳ್ಳಲ್ಲ, ಹಿಂದಿನ ಬೆಂಚಿನ ಇಬ್ಬರು ಕೊನೆಯ ದಿನದವರೆಗೂ ತಟ್ಟುತ್ತಲೇ ಇದ್ದರು. ಆದರೂ ಆ ಇಬ್ಬರಿಗಾಗಿ ಅರ್ಧ ಉತ್ತರದ ದಾರಿಯನ್ನು ಮುಚ್ಚಲು ನನಗೆ ಮನಸ್ಸಿಲ್ಲವೆಂದು ಅವರಿಗೂ ಹೇಳಿದೆ. ಅವರು ಒಪ್ಪಲಿಲ್ಲ, ಷರಾ ತಿದ್ದಲೂ ಇಲ್ಲ.

ನಾವು ಕಾಲೇಜಿಗೆ ಮರಳಿದ ವಾರ ಆ ಶಾಲೆಯ ವಿಜ್ಞಾನ ಶಿಕ್ಷಕಿ ಫೋನು ಮಾಡಿದರು. “ಏನ್ ಕಲ್ಸಿ ಹೋಗೀರಿ ಇವಕ್ಕ? ಪ್ರಶ್ನಿ ಕೇಳಿದ್ರ ಬೆಂಚ್ ಬಡೀತಾವಲ್ರಿ!” ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡs ಸಲ ಬಡೀಬೇಕೇನ್ರಿ?” ಎಂದು ಕೇಳಿದರು.